ನರ್ಸಿಂಗ್ ಕಲಿಸಿದರೆ ಸಾಲದು, ಎರಡು ವರ್ಷ ಕೆಲಸ ಮಾಡಲು ಬಿಡೋಣ

ನಮ್ಮ ಜಮಾಅತ್‌ಗಳಲ್ಲಿ ಈಗ ಜಿಎನ್‌ಎಂ, ಬಿ.ಎಸ್ಸಿ ನರ್ಸಿಂಗ್ ಮುಗಿಸಿದ ಹೆಣ್ಮಕ್ಕಳಿದ್ದಾರೆ. ಸಂತೋಷದ ವಿಷಯ. ಆದರೆ ಕೋರ್ಸ್ ಮುಗಿದ ಕೂಡಲೇ ನಾವು ಮಾಡುವುದೇನು? ನೈಟ್ ಡ್ಯೂಟಿ ಬೇಡ ಅಂತ ಹೇಳ್ತೇವೆ, ನಿಕಾಹ್ ಮಾಡಿ ಕಳಿಸ್ತೇವೆ. ಸರ್ಟಿಫಿಕೇಟ್ ಕಪಾಟು ಸೇರುತ್ತದೆ. ನಾಲ್ಕು ವರ್ಷ ಕಳೆದು ಗಲ್ಫಿನಲ್ಲಿರುವ ಅಳಿಯ ಇಲ್ಲಿ ಕೆಲಸಕ್ಕೆ ನೋಡುವಾ ಎಂದಾಗ ಎಕ್ಸ್‌ಪೀರಿಯೆನ್ಸ್ ಇರುವುದಿಲ್ಲ.

ಗಲ್ಫಿನ ಆಸ್ಪತ್ರೆಗಳು ಸಾಮಾನ್ಯವಾಗಿ ಎರಡು ವರ್ಷದ ಅನುಭವ ಕೇಳುತ್ತವೆ. ಲೈಸೆನ್ಸ್ ಪರೀಕ್ಷೆ ಬೇರೆ. ದುಡ್ಡು ಕೊಟ್ಟು ಅನುಭವ ಪತ್ರ ಮಾಡಿಸಿದರೆ ಆಗ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಡೇಟಾಫ್ಲೋ ಪರಿಶೀಲನೆಯಲ್ಲಿ ಪತ್ರ ಕೊಟ್ಟ ಆಸ್ಪತ್ರೆಯನ್ನೇ ನೇರವಾಗಿ ವಿಚಾರಿಸುತ್ತಾರೆ. ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ನರ್ಸ್‌ಗಳಿಗೆ 2015ರಲ್ಲಿ ಕೇಂದ್ರ ಸರಕಾರ ಎಮಿಗ್ರೇಷನ್ ಕ್ಲಿಯರೆನ್ಸ್ ಕಡ್ಡಾಯ ಮಾಡಿದೆ. ವಿಸಿಟ್ ವೀಸಾದಲ್ಲಿ ಕಳಿಸ್ತೇನೆ ಎನ್ನುವ ಏಜೆಂಟನಿಂದ ದೂರ ಇರಿ.

ಊರಿನ ಕೆಲಸದಲ್ಲೂ ಕಷ್ಟ ಇದೆ, ಸುಳ್ಳಲ್ಲ. ಸುಪ್ರೀಂ ಕೋರ್ಟ್ ಆದೇಶದಂತೆ ರಚಿಸಿದ ಸಮಿತಿ 2016ರಲ್ಲಿ, 50 ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ಕನಿಷ್ಠ 20,000 ರೂಪಾಯಿ ಸಂಬಳ ಇರಬೇಕು ಎಂದಿತ್ತು. ಅಷ್ಟು ಸಿಗ್ತದಾ ಎಂದು ನಮ್ಮ ಮಕ್ಕಳನ್ನೇ ಕೇಳಿ ನೋಡಿ. ಆದ್ದರಿಂದ ಕೆಲಸಕ್ಕೆ ಸೇರುವಾಗಲೇ ಸಂಬಳ, ರಜೆ, ಪಿಎಫ್ ಬರೆಸಿಕೊಳ್ಳಬೇಕು. ಮೂಲ ಸರ್ಟಿಫಿಕೇಟ್ ಯಾರ ಕೈಗೂ ಒಪ್ಪಿಸಬಾರದು. ತೋರಿಸಿ, ಜೆರಾಕ್ಸ್ ಕೊಟ್ಟರೆ ಸಾಕು. ಬಿಡುವಾಗ ನೋಟಿಸ್ ಕೊಟ್ಟೇ ಬಿಡಿ, ಅನುಭವ ಪತ್ರ ಕೈಯಲ್ಲಿ ಪಡೆಯಿರಿ. ನರ್ಸಿಂಗ್ ಕೌನ್ಸಿಲ್ ನೋಂದಣಿ ಮರೆಯಬೇಡಿ.

ಇನ್ನು ನೈಟ್ ಡ್ಯೂಟಿ. ಹೆರಿಗೆ ವಾರ್ಡಿನಲ್ಲಿ ರಾತ್ರಿ 2 ಗಂಟೆಗೆ ನಮ್ಮ ಮನೆಯ ಹೆಂಗಸರಿಗೆ ಲೇಡಿ ನರ್ಸೇ ಬೇಕು. ಆ ನರ್ಸ್ ಮಾತ್ರ ಬೇರೆ ಯಾರದೋ ಮಗಳಾಗಿರಬೇಕು, ನಮ್ಮ ಮಗಳಾಗಬಾರದು! ಇದು ಯಾವ ನ್ಯಾಯ? ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ರುಫೈದಾ(ರ) ಅವರ ಡೇರೆಯಲ್ಲಿ ಶುಶ್ರೂಷೆಗೆ ಇರಿಸಿದ ಚರಿತ್ರೆ ನಾವು ಮಕ್ಕಳಿಗೆ ಹೇಳ್ತೇವಲ್ಲ?

ಭಯ ಇರುವುದು ದಾರಿಯಲ್ಲಿ, ವಾರ್ಡಿನಲ್ಲಲ್ಲ. ಹಾಸ್ಟೆಲ್ ಇದೆಯಾ, ಆಸ್ಪತ್ರೆಯ ವಾಹನ ಉಂಟಾ, ಶಿರವಸ್ತ್ರಕ್ಕೆ ಅಡ್ಡಿ ಇದೆಯಾ ಎಂದು ಬಾಪ, ಅಣ್ಣಂದಿರು ಮೊದಲೇ ಹೋಗಿ ಕೇಳಲಿ. ಸಂಬಂಧ ಮಾತಾಡುವಾಗಲೇ, ಹುಡುಗಿ ಎರಡು ವರ್ಷ ಡ್ಯೂಟಿ ಮಾಡ್ತಾಳೆ ಎಂದು ಹಿರಿಯರು ಹೇಳಿಬಿಡಲಿ. ಒಪ್ಪುವ ಮನೆ ಸಿಗದೆ ಹೋಗದು. ಕಲಿಸಲು ಸಾಲ ಮಾಡಿದ ನಾವು ಇಷ್ಟೂ ಮಾಡದಿದ್ದರೆ ಹೇಗೆ?