ಮಾಸ್ತರರ ಸಂಘಕ್ಕೆ ಮಜೂರರ ಪ್ರಶ್ನೆ

ಸಮಾಜ ವಿಜ್ಞಾನ ಕಲಿಸುವ ಹೈಸ್ಕೂಲು ಮಾಸ್ತರರಿಗೆ ಹಲವು ತಾಲ್ಲೂಕುಗಳಲ್ಲಿ ಸಂಘಗಳಿವೆ. ವರ್ಷಕ್ಕೊಮ್ಮೆ ಸಭೆ ಸೇರುತ್ತದೆ. ಹಾರ ತುರಾಯಿ ಆಗುತ್ತದೆ, ದೊಡ್ಡ ಸಾಹೇಬರಿಗೆ ಶಾಲು ಹೊದಿಸುತ್ತಾರೆ, ನೂರಕ್ಕೆ ನೂರು ಪಾಸು ಮಾಡಿಸಿದವರಿಗೆ ಫಲಕ ಕೊಡುತ್ತಾರೆ, ಬಡ್ತಿ ವರ್ಗಾವಣೆಗಳ ಮೇಲೆ ನಾಲ್ಕು ಠರಾವು ಪಾಸು ಮಾಡಿ, ಕೇಸರಿಬಾತು ತಿಂದು ಮನೆಗೆ ಹೋಗುತ್ತಾರೆ. ಪಗಾರ ಕೇಳುವುದು ತಪ್ಪೆಂದು ನಾವು ಹೇಳುವವರಲ್ಲ. ಹೇಳಿದರೆ ಗಿರಣಿ ಗೇಟಿನಲ್ಲಿ ನಿಂತು ಇದನ್ನು ಓದುವವರೇ ನಮ್ಮನ್ನು ಅಟ್ಟಿಸಿಕೊಂಡು ಬಂದಾರು! ನಮ್ಮ ತಕರಾರು ಬೇರೆ. ತಾವು ಕಲಿಸುವ ಪಾಠದ ಬಗ್ಗೆ ಈ ಸಂಘಗಳಿಗೆ ಒಂದು ಗುರಿಯೇ ಇಲ್ಲ.

ಪಾಠಕ್ಕೆ ಏನಾಗಿದೆ, ನೋಡಿ. 2022ರಲ್ಲಿ ದೆಹಲಿಯ ಎನ್‌ಸಿಇಆರ್‌ಟಿಯವರು ಮಕ್ಕಳ ಮೇಲಿನ ಹೊರೆ ಇಳಿಸುತ್ತೇವೆಂದು ಹೊರಟರು. ಹತ್ತನೇ ತರಗತಿಯ ರಾಜ್ಯಶಾಸ್ತ್ರ ಪುಸ್ತಕದಿಂದ ಜನಹೋರಾಟಗಳ ಅಧ್ಯಾಯವನ್ನೇ ಕಿತ್ತುಹಾಕಿದರು. ಬೊಲಿವಿಯಾ ದೇಶದ ಕೊಚಬಂಬಾ ನಗರದಲ್ಲಿ ಕುಡಿಯುವ ನೀರನ್ನು ಪರದೇಶಿ ಕಂಪನಿಗೆ ಒಪ್ಪಿಸಿದಾಗ, 2000ದಲ್ಲಿ ಜನ ಮುಷ್ಕರ ಹೂಡಿ ಆ ಕರಾರನ್ನು ರದ್ದು ಮಾಡಿಸಿದ ಕಥೆ ಅದರಲ್ಲಿತ್ತು. ನಮ್ಮ ನಾಡಿನ ‘ಕಿತ್ತಿಕೋ ಹಚ್ಚಿಕೋ’ ಚಳವಳಿಯೂ ಅದರಲ್ಲಿತ್ತು. ನೀಲಗಿರಿ ಬೆಳೆಯುವುದಕ್ಕೆಂದು ಸರ್ಕಾರ 1984ರಲ್ಲಿ ಸುಮಾರು 30,000 ಹೆಕ್ಟೇರು ನೆಲವನ್ನು 40 ವರ್ಷದ ಮಟ್ಟಿಗೆ ಒಂದು ಕಂಪನಿಯ ಕೈಗೆ ಹಾಕಿತ್ತು. ಸೌದೆ ಮೇವುಗಳಿಗೆ ಆ ನೆಲವನ್ನೇ ನಂಬಿದ್ದ ಆಗಿನ ಧಾರವಾಡ ಜಿಲ್ಲೆಯ ರೈತರು 1987ರಲ್ಲಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಈ ಪಾಠ ಯಾರಿಗೆ ಹೊರೆ? ಮಕ್ಕಳಿಗೋ, ಕಂಪನಿಗಳಿಗೋ?

ಅದೇ ಸುತ್ತಿನಲ್ಲಿ ಹನ್ನೊಂದನೇ ತರಗತಿಯ ಇತಿಹಾಸದಿಂದ ಕೈಗಾರಿಕಾ ಕ್ರಾಂತಿಯ ಅಧ್ಯಾಯವೂ ಹೋಯಿತು. ಗಿರಣಿಗಳು ಹುಟ್ಟಿದ್ದು ಹೇಗೆ, ಅವುಗಳಲ್ಲಿ ಹೆಂಗಸರು ಮಕ್ಕಳು ದುಡಿದದ್ದು ಹೇಗೆ, ಕಾಯಿದೆ ಬರಬೇಕಾದರೆ ಎಷ್ಟು ಹೋರಾಡಬೇಕಾಯಿತು ಎಂಬುದನ್ನು ಹೇಳುವ ಅಧ್ಯಾಯ ಅದು. ಮರುವರ್ಷ, 2023ರಲ್ಲಿ, ಕರ್ನಾಟಕದ ವಿಧಾನಮಂಡಲ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು ದಿನಕ್ಕೆ 12 ತಾಸಿನವರೆಗೆ ದುಡಿಸಲು ದಾರಿ ತೆರೆಯಿತು. ಇವೆರಡಕ್ಕೂ ಒಳಸಂಚಿನ ನಂಟಿದೆಯೆಂದು ನಾವು ಹೇಳುತ್ತಿಲ್ಲ. ಆದರೆ ಎಂಟು ತಾಸಿನ ದಿನ ಹೇಗೆ ಬಂತೆಂದು ಕಲಿಯದ ಹುಡುಗ, ಅದು ಹೋಗುವಾಗ ಏನು ಕಳೆದುಕೊಂಡೆನೆಂದು ಹೇಗೆ ಬಲ್ಲ? ಪೇಟೆಯ ಅಂಗಡಿಕಾರರ ಮಕ್ಕಳ ಪಾಡೂ ಅಷ್ಟೆ. 2017ರಿಂದ ಅಪ್ಪ ಜಿಎಸ್‌ಟಿ ಕಟ್ಟುತ್ತಾನೆ. ಅದರ ದರಗಳನ್ನು ಕೇಂದ್ರ ರಾಜ್ಯಗಳ ಮಂತ್ರಿಗಳು ಕೂಡಿದ ಮಂಡಳಿಯೊಂದು ಚರ್ಚಿಸುತ್ತದೆಂದು ಮಗಳಿಗೆ ತಿಳಿಸಿ ಹೇಳುವವರು ಯಾರು?

ನಮ್ಮ ರಾಜ್ಯದ ಪುಸ್ತಕಗಳ ಕಥೆಯೂ ಗೊತ್ತಿದ್ದದ್ದೇ. 2022ರಲ್ಲಿ ಒಂದು ಸಮಿತಿ ತಿದ್ದಿತು, 2023ರಲ್ಲಿ ಹೊಸ ಸರ್ಕಾರ ಬಂದು ಮತ್ತೆ ತಿದ್ದಿತು. ಸಾಹಿತಿಗಳು ಕೂಗಿದರು, ಮಠಾಧೀಶರು ಕೂಗಿದರು, ಮಂತ್ರಿಗಳು ಕೂಗಿದರು. ದಿನವೂ ಆ ಪುಸ್ತಕ ಹಿಡಿದು ನಿಲ್ಲುವ ಮಾಸ್ತರರ ಸಂಘದ ದನಿ ನಮ್ಮ ಕಿವಿಗಂತೂ ಬೀಳಲಿಲ್ಲ.

“ನಾವು ಸರ್ಕಾರಿ ನೌಕರರು, ರಾಜಕೀಯ ಮಾಡಬಾರದು” ಎನ್ನುತ್ತಾರೆ. ಸ್ವಾಮಿ, ಪುಸ್ತಕದಿಂದ ಪಾಠ ಕೀಳುವುದು ರಾಜಕೀಯವಲ್ಲವಂತೆ, ಏಕೆ ಕಿತ್ತಿರಿ ಎಂದು ಕೇಳುವುದು ರಾಜಕೀಯವಂತೆ! ಒಂಟಿ ಮಾಸ್ತರ ಬಾಯಿಬಿಟ್ಟರೆ ನೋಟೀಸು ಬಂದೀತು, ಒಪ್ಪೋಣ. ಒಂಟಿ ಮಜೂರನ ಪಾಡೂ ಅದೇ ಅಲ್ಲವೇ? ಸಂಘ ಕಟ್ಟುವುದು ಮತ್ತೇತಕ್ಕೆ? ಮಾಸ್ತರರು ತರಗತಿಯಲ್ಲಿ ನಮ್ಮ ಪಕ್ಷದ ಬಾವುಟ ಹಿಡಿಯಲಿ ಎಂದು ನಾವು ಕೇಳುತ್ತಿಲ್ಲ. ಯಾರ ಬಾವುಟವೂ ಅಲ್ಲಿ ಬೇಡ. ಪಾಠ ಸೇರಿಸುವ, ತೆಗೆಯುವ ಮುಂಚೆ ಕಾರಣವನ್ನು ಬರಹದಲ್ಲಿ ಕೊಡಿ, ಕಲಿಸುವವರ ಪ್ರತಿನಿಧಿಗಳನ್ನು ಕೂರಿಸಿ ಚರ್ಚಿಸಿ ಎಂದು ಸಂಘ ಹಟ ಹಿಡಿಯಬೇಕು. ಇದು ಅದರ ಮೊದಲ ಗುರಿ.

ಕಾವಲಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕಾವನ್ನು ನೋಡಬಹುದು. ಅಲ್ಲಿ ಸಮಾಜ ಪಾಠದ ಶಿಕ್ಷಕರ ರಾಷ್ಟ್ರೀಯ ಮಂಡಳಿ 1921ರಲ್ಲೇ ಹುಟ್ಟಿತು. ಮುಂದೆ ಹೆರಾಲ್ಡ್ ರಗ್ ಎಂಬ ಪ್ರೊಫೆಸರು ಬರೆದ ಶಾಲಾಪುಸ್ತಕಗಳು ದೇಶದ ತುಂಬ ಹಬ್ಬಿದವು. ನಿರುದ್ಯೋಗ, ಬಡವ ಬಲ್ಲಿದರ ಅಂತರ, ಜಾಹೀರಾತಿನ ಖರ್ಚು ಕೊನೆಗೆ ಗಿರಾಕಿಯ ತಲೆಗೇ ಬರುವ ಬಗೆ, ಎಲ್ಲವನ್ನೂ ಆತ ಮಕ್ಕಳ ಮುಂದಿಟ್ಟಿದ್ದ. ಜಾಹೀರಾತುದಾರರ ಒಕ್ಕೂಟ ಮೈಮೇಲೆ ಬಿತ್ತು, ಮಾಜಿ ಸೈನಿಕರ ಸಂಘ ಕೂಡಿಕೊಂಡಿತು. 1940ರಲ್ಲಿ ಬಿಂಗ್‌ಹ್ಯಾಮ್ಟನ್ ಊರಿನ ಶಾಲೆಗಳು ಅವನ್ನು ಹೊರಹಾಕಿದವು. ಕೆಲವೇ ವರ್ಷಗಳಲ್ಲಿ ಉಳಿದ ಕಡೆಯೂ ಮಾಯವಾದವು. ದುಡ್ಡಿದ್ದವರು ಪಠ್ಯಪುಸ್ತಕವನ್ನು ಬಹಳ ಗಮನವಿಟ್ಟು ಓದುತ್ತಾರೆ, ನೆನಪಿರಲಿ.

ನಮ್ಮ ಮಾಸ್ತರರು ನಿಶ್ಶಕ್ತರೂ ಅಲ್ಲ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರದವು. ಹೈಸ್ಕೂಲಿಗೆ ಕಡಿಮೆಯಿಲ್ಲದ ಶಾಲೆಯಲ್ಲಿ ಮೂರು ವರ್ಷ ಕಲಿಸಿದವರಿಗೆ ಅಲ್ಲಿ ಓಟು. ಮಗ್ಗದವನಿಗೆ ಅಂಥ ಕ್ಷೇತ್ರವಿಲ್ಲ, ತರಕಾರಿಯವಳಿಗೂ ಇಲ್ಲ. ಪ್ರಾಥಮಿಕ ಶಾಲೆಯ ಅಕ್ಕೋರಿಗೂ ಇಲ್ಲ. ಇಂಥ ಆಯುಧವನ್ನು ಕೈಯಲ್ಲಿಟ್ಟುಕೊಂಡು, ಓಟು ಕೇಳಲು ಬಂದ ಅಭ್ಯರ್ಥಿಯನ್ನು ವರ್ಗಾವಣೆಯ ಮಾತಾಡಿ ಕಳಿಸಿಬಿಟ್ಟರೆ ಹೇಗೆ? ಕಿತ್ತ ಅಧ್ಯಾಯಗಳ ಪಟ್ಟಿಯನ್ನು ಅವನ ಮುಂದಿಡಿ. ಉತ್ತರವನ್ನು ಬರೆಸಿಕೊಳ್ಳಿ, ರುಜು ಹಾಕಿಸಿ, ಶಾಲೆಯ ಗೋಡೆಗೆ ಅಂಟಿಸಿ.

ಇಷ್ಟಾಗುವ ತನಕ ಕೈಕಟ್ಟಿ ಕೂರಬೇಕಿಲ್ಲ. ಒಂದು ಶನಿವಾರ ಮಧ್ಯಾಹ್ನ ಮಕ್ಕಳನ್ನು ಗಿರಣಿ ಚಾಳಿಗೆ ಕರೆತನ್ನಿ. ಹಳೆಯ ಮುಷ್ಕರಗಳಲ್ಲಿ ಕೆಲಸ ಕಳೆದುಕೊಂಡವರು ಇನ್ನೂ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಚಹದ ಖರ್ಚು ನಮ್ಮದು.