ಮಳೆ ಬಂದರೆ ದಂಡವಿಲ್ಲ

ರೋಮ್ ಎಂದರೆ ಕಾನೂನು, ಚೀನಾ ಎಂದರೆ ಅಧಿಕಾರಿಗಳು. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಎರಡು ಸಾವಿರ ವರ್ಷ ಹಿಂದಿನ ಎರಡು ಮಹಾ ಸಾಮ್ರಾಜ್ಯಗಳ ಕತೆ ಹೆಚ್ಚುಕಡಿಮೆ ಇಷ್ಟರಲ್ಲೇ ಮುಗಿಯುತ್ತದೆ. ಜೊತೆಗೆ ಒಂದಿಷ್ಟು ಚಕ್ರವರ್ತಿಗಳ ಹೆಸರು, ಒಂದು ಮಹಾಗೋಡೆ, ಒಂದು ಕೊಲೋಸಿಯಂ. ಈಚೆಗೆ ಇನ್ನೊಂದು ಮಾತೂ ಸೇರಿಕೊಂಡಿದೆ: ಆಡಳಿತ ಬಿಗಿಯಾಗಿದ್ದರೆ ಮಾತ್ರ ದೇಶ ಉದ್ಧಾರವಾಗುತ್ತದೆ, ಚೀನಾದವರು ಅಂದಿನಿಂದಲೂ ಹಾಗೇ ಅನ್ನುವುದು. ಹಳ್ಳಿಯ ವರದಿಗಾರಿಕೆ ಕಲಿತ ನಮಗೆ ಮೊದಲು ತೋಚುವ ಪ್ರಶ್ನೆ ಬೇರೆ. ಊರಿಗೆ ಕಂದಾಯ ಕೇಳಲು ಬರುತ್ತಿದ್ದವನು ಯಾರು? ಅವನ ಮೇಲೆ ದೂರಿದ್ದರೆ ರೈತ ಯಾರ ಬಾಗಿಲಿಗೆ ಹೋಗಬೇಕಿತ್ತು?

ಒಂದು ಮಳೆಯಿಂದಲೇ ಶುರು ಮಾಡೋಣ. ಕ್ರಿ.ಪೂ. 209ರಲ್ಲಿ ಚೆನ್ ಶೆಂಗ್ ಎಂಬ ಕೂಲಿಯಾಳನ್ನೂ ಸೇರಿಸಿ 900 ಜನರನ್ನು ಗಡಿ ಕಾವಲಿಗೆ ಕರೆದೊಯ್ಯುತ್ತಿದ್ದರು. ಜಡಿಮಳೆ ಹಿಡಿದು ದಾರಿ ಕಟ್ಟಿತು. ಹೇಳಿದ ದಿನಕ್ಕೆ ತಲುಪದಿದ್ದರೆ ತಲೆ ಹೋಗುತ್ತದೆ, ಹೇಗೂ ಸಾಯುವುದಾದರೆ ತಿರುಗಿಬಿದ್ದೇ ಸಾಯೋಣ ಎಂದು ಅವರು ದಂಗೆ ಎದ್ದರು. ಚೀನಾವನ್ನು ಮೊದಲ ಸಲ ಒಂದುಗೂಡಿಸಿದ್ದ ಚಿನ್ ರಾಜವಂಶ ಎರಡು ಮೂರು ವರ್ಷದಲ್ಲಿ ಬಿದ್ದುಹೋಯಿತು. ಇದನ್ನು ಬರೆದವನು ಸುಮಾರು ನೂರು ವರ್ಷದ ಮೇಲೆ ಬಂದ ಇತಿಹಾಸಕಾರ ಸಿಮಾ ಚಿಯನ್, ಅದೂ ಚಿನ್ ವಂಶದ ಜಾಗಕ್ಕೆ ಬಂದ ಹಾನ್ ವಂಶದ ಆಸ್ಥಾನದಲ್ಲಿ ಕೂತು.

1975ರಲ್ಲಿ ಹೂಬೆ ಪ್ರಾಂತ್ಯದ ಶುಯ್‌ಹೂದಿ ಎಂಬಲ್ಲಿ ಒಂದು ಗೋರಿ ಸಿಕ್ಕಿತು. ಅದರಲ್ಲಿದ್ದವನು ಸಿ ಎಂಬ ಹೆಸರಿನ, ಚಿನ್ ಕಾಲದ ಕೆಳಹಂತದ ಅಧಿಕಾರಿ. ನಮ್ಮ ಕಡೆಯ ಶಾನುಭೋಗರಿಗಿಂತ ಒಂದೆರಡು ಮೆಟ್ಟಿಲು ಮೇಲಿನವನು ಅನ್ನಿ. ಅವನ ಹೆಣದ ಸುತ್ತ ಸಾವಿರಕ್ಕೂ ಹೆಚ್ಚು ಬಿದಿರಿನ ಪಟ್ಟಿಗಳಿದ್ದವು. ಬಹುಪಾಲು ಕಾನೂನು, ಕಚೇರಿಯ ನಿಯಮಗಳು. ಸರ್ಕಾರಿ ಬಿಟ್ಟಿ ಕೆಲಸಕ್ಕೆ ತಡವಾಗಿ ಬಂದರೆ ಏನು ಶಿಕ್ಷೆ ಎಂಬುದೂ ಅದರಲ್ಲಿದೆ. ಮೂರರಿಂದ ಐದು ದಿನ ತಡವಾದರೆ ಛೀಮಾರಿ. ಆರರಿಂದ ಹತ್ತು ದಿನಕ್ಕೆ ಒಂದು ಗುರಾಣಿಯ ಬೆಲೆಯ ದಂಡ. ಹತ್ತು ದಿನ ದಾಟಿದರೆ ಒಂದು ಕವಚದ ಬೆಲೆ. ಮಳೆ ಬಂದು ಅಡ್ಡಿಯಾದರೆ ಕರೆಯೇ ರದ್ದು.

ತಲೆ ತೆಗೆಯುವ ಮಾತೇ ಇಲ್ಲ! ಚೆನ್ ಶೆಂಗ್ ಹೊರಟಿದ್ದು ಗಡಿ ಕಾವಲಿಗೆ, ಅದರ ನಿಯಮ ಬೇರೆ ಇದ್ದಿರಬಹುದು, ಎರಡನೇ ಚಕ್ರವರ್ತಿಯ ಕಾಲಕ್ಕೆ ಕಾನೂನು ಬಿಗಿಯಾಗಿರಲೂಬಹುದು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಇರಲಿ. ಆದರೆ ನಮಗೆ ಕಾಣುವುದು ಇನ್ನೊಂದು ಸಾಧ್ಯತೆ. ಮಳೆಗೆ ವಿನಾಯಿತಿ ಇದೆ ಎಂಬುದು ಸಿ ಓದುವ ಪಟ್ಟಿಯಲ್ಲಿತ್ತು, ಕೂಲಿಯಾಳಿನ ಕಿವಿಗೆ ಬಿದ್ದಿತ್ತೇ? ಕಾನೂನು ಇರುವುದು ಬೇರೆ, ಅದು ಊರಿಗೆ ತಲುಪುವುದು ಬೇರೆ. ಯೋಜನೆ ಜಾರಿಯಾಗಿದೆ ಎಂಬ ಪ್ರಕಟಣೆ ಹಿಡಿದು ಹಳ್ಳಿಗೆ ಹೋದ ಯಾವ ವರದಿಗಾರರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಹಾನ್ ಸಾಮ್ರಾಜ್ಯ ಲೆಕ್ಕದಲ್ಲಿ ಇನ್ನೂ ಪಕ್ಕಾ. ಕ್ರಿ.ಶ. 2ರ ಗಣತಿಯಲ್ಲಿ 1,22,33,062 ಮನೆ, 5,95,94,978 ಜನ. ಕೊನೆಯ ಅಂಕಿಯವರೆಗೂ ಬರೆದಿಟ್ಟರು. ಸಂಬಳದ ಅಧಿಕಾರಿಗಳೇ ಒಂದು ಲಕ್ಷಕ್ಕೂ ಹೆಚ್ಚಿದ್ದರು. ಭೂಕಂದಾಯ ಬೆಳೆಯ ಮೂವತ್ತರಲ್ಲಿ ಒಂದು ಪಾಲು ಮಾತ್ರ. ಕೇಳಿದರೆ ರಾಮರಾಜ್ಯ ಅನ್ನಿಸುತ್ತದೆ. ಆದರೆ ತಲೆಗಂದಾಯವನ್ನು ನಾಣ್ಯದಲ್ಲೇ ಕಟ್ಟಬೇಕಿತ್ತು, ವಯಸ್ಕರೊಬ್ಬರಿಗೆ ವರ್ಷಕ್ಕೆ 120 ನಾಣ್ಯ. ರೈತನ ಹತ್ತಿರ ಇದ್ದದ್ದು ಕಾಳು. ಕ್ರಿ.ಪೂ. 2ನೇ ಶತಮಾನದ ಮಂತ್ರಿ ಚಾವೊ ತ್ಸೊ ಚಕ್ರವರ್ತಿಗೆ ಬರೆದ ಮನವಿಯಲ್ಲಿ ಐದು ಜನರ ಒಂದು ಸಂಸಾರದ ಲೆಕ್ಕ ಕೊಡುತ್ತಾನೆ. ತೆರಿಗೆಗೆ ಗಡುವು ಬಂದಾಗ ಕಾಳಿದ್ದವನು ಅರ್ಧ ಬೆಲೆಗೆ ಮಾರುತ್ತಾನೆ, ಇಲ್ಲದವನು ದುಪ್ಪಟ್ಟು ತೀರಿಸುವ ಸಾಲ ತರುತ್ತಾನೆ, ಕೊನೆಗೆ ಹೊಲ, ಮನೆ, ಮಕ್ಕಳನ್ನೂ ಮಾರುತ್ತಾನೆ. ಸಾಹುಕಾರ ನೇಗಿಲು ಮುಟ್ಟದೆ ಉಣ್ಣುತ್ತಾನೆ. ಮಂತ್ರಿಯ ಈ ಮನವಿ ನಮ್ಮ ಕಣ್ಣಿಗೆ ಒಳ್ಳೆಯ ಗ್ರಾಮೀಣ ವರದಿ. ತೆರಿಗೆಯ ದರವನ್ನಷ್ಟೇ ನೋಡಿದ್ದರೆ ಅವನಿಗೆ ಇದು ಸಿಗುತ್ತಿರಲಿಲ್ಲ. ಸುಗ್ಗಿಯ ಮಾರುಕಟ್ಟೆಯನ್ನೂ ನೋಡಿದ್ದರಿಂದ ಸಿಕ್ಕಿತು.

ರೋಮ್ ಈ ತಲೆನೋವನ್ನು ಹೊತ್ತುಕೊಳ್ಳಲೇ ಇಲ್ಲ. ಚಕ್ರವರ್ತಿಗಳು ಬರುವ ಮೊದಲಿನ ಗಣರಾಜ್ಯದ ಕಾಲದಲ್ಲಿ ಎಷ್ಟೋ ಪ್ರಾಂತ್ಯಗಳ ಕಂದಾಯವನ್ನು ಹರಾಜು ಹಾಕುತ್ತಿದ್ದರು. ಗುತ್ತಿಗೆ ಹಿಡಿದವನು ಕೊಟ್ಟ ಹಣಕ್ಕಿಂತ ಎಷ್ಟು ಹೆಚ್ಚು ಕಿತ್ತರೆ ಅಷ್ಟು ಲಾಭ. ಸಿಸಿಲಿ ದ್ವೀಪದ ರೈತರು ಬೆಳೆಯ ಹತ್ತರಲ್ಲಿ ಒಂದು ಪಾಲು ಕೊಡಬೇಕಿತ್ತು. ಕ್ರಿ.ಪೂ. 73ರಿಂದ 71ರವರೆಗೆ ಅಲ್ಲಿ ಗವರ್ನರ್ ಆಗಿದ್ದ ವೆರ್ರೆಸ್ ಗುತ್ತಿಗೆದಾರರ ಜೊತೆ ಶಾಮೀಲಾಗಿ ದೋಚಿದ. ಅವನ ಮೇಲೆ ಮೊಕದ್ದಮೆ ನಡೆಸಿದ ಸಿಸೆರೊ ರೋಮ್‌ನಲ್ಲಿ ಕೂತು ಭಾಷಣ ಬರೆಯಲಿಲ್ಲ. ಐವತ್ತು ದಿನ ಸಿಸಿಲಿ ಸುತ್ತಿ ಊರೂರಿನ ಕಡತ ತೆಗೆಸಿದ. ಅಗಿರಿಯಂ ಎಂಬ ಊರಿನಲ್ಲಿ ಮೊದಲ ವರ್ಷ 250 ಮಂದಿ ಉಳುತ್ತಿದ್ದರು, ಮೂರನೇ ವರ್ಷಕ್ಕೆ ಉಳಿದವರು 80 ಎಂದು ಲೆಕ್ಕ ಕೊಟ್ಟ. ಅವನು ವಕೀಲ, ಮೇಲೇರಬೇಕೆಂಬ ರಾಜಕಾರಣಿ ಕೂಡ, ಆದ್ದರಿಂದ ಅವನ ಮಾತನ್ನು ಒಂದು ಚಿಟಿಕೆ ಕಡಿಮೆ ಮಾಡಿಯೇ ಓದಬೇಕು. ಆದರೂ ಊರು ಬಿಟ್ಟುಹೋದವರನ್ನು ಎಣಿಸಬೇಕೆಂದು ಅವನಿಗೆ ತೋಚಿತಲ್ಲ, ಅದು ದೊಡ್ಡದು. ಬರ ಬಂದಾಗ ಗುಳೆ ಹೋದವರ ಲೆಕ್ಕ ಇಂದಿಗೂ ಎಷ್ಟು ಪಂಚಾಯಿತಿಗಳಲ್ಲಿ ಸಿಗುತ್ತದೆ? ವೆರ್ರೆಸ್ ತೀರ್ಪಿಗೂ ಕಾಯದೆ ದೇಶ ಬಿಟ್ಟ. ಊರು ಬಿಟ್ಟ ರೈತರು ಎಲ್ಲಿಗೆ ಹೋದರೆಂದು ಮಾತ್ರ ಯಾರೂ ಬರೆದಿಟ್ಟಿಲ್ಲ.

ಹೀಗಾಗಿ ಬಿಗಿ ಆಡಳಿತವೋ ಸಡಿಲ ಆಡಳಿತವೋ ಎಂಬ ಚರ್ಚೆಯಲ್ಲಿ ನಮಗೆ ಹೆಚ್ಚು ಆಸಕ್ತಿ ಇಲ್ಲ. ಒಂದು ಕಡೆ ಎಲ್ಲರನ್ನೂ ಎಣಿಸಿ ಹಿಂಡಿದರು, ಇನ್ನೊಂದು ಕಡೆ ಎಣಿಸದೆ ಗುತ್ತಿಗೆಗೆ ಕೊಟ್ಟು ಹಿಂಡಿದರು. ಜನರ ಮಾತು ಮೇಲೆ ಹತ್ತುವ ದಾರಿ ಇತ್ತೇ ಎಂಬುದನ್ನು ನೋಡಬೇಕು. ಸ್ವಲ್ಪ ಇತ್ತು. ರೋಮನ್ ಆಳ್ವಿಕೆಯ ಈಜಿಪ್ಟಿನಲ್ಲಿ ಸುಮಾರು ಕ್ರಿ.ಶ. 210ರಲ್ಲಿ ಗವರ್ನರ್ ಸುಬತಿಯಾನುಸ್ ಅಕ್ವಿಲ ಅರ್ಸಿನೋಯಿ ಪಟ್ಟಣಕ್ಕೆ ಬಂದ. ಮೂರು ದಿನದೊಳಗೆ ಅವನ ಮುಂದೆ ಬಿದ್ದ ಅರ್ಜಿಗಳು 1,804. ಜನತಾ ದರ್ಶನಕ್ಕೆ ಬೆಳಗಿನ ಬಸ್ಸು ಹಿಡಿದು ಬಂದು ಸಾಲಲ್ಲಿ ನಿಂತವರನ್ನು ಕಂಡವರಿಗೆ ಈ ಸಂಖ್ಯೆ ಅಚ್ಚರಿ ತರಿಸದು. ಸಂಖ್ಯೆ ಒಂದು ಪಪೈರಸ್ ಹಾಳೆಯಲ್ಲಿ ಉಳಿದಿದೆ. ಮೂರು ದಿನದಲ್ಲಿ ಒಬ್ಬ ಮನುಷ್ಯ 1,804 ಅರ್ಜಿಗಳಲ್ಲಿ ಎಷ್ಟನ್ನು ಓದಿಯಾನು ಎಂಬುದನ್ನು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು.