ಶೇರು ಏರಿದರೂ ಆಪ್ಷನ್ ಯಾಕೆ ಇಳಿಯಿತು?

ಎರಡು ವರ್ಷದ ಹಿಂದೆ ಒಂದು ಕಂಪನಿಯ ತ್ರೈಮಾಸಿಕ ಫಲಿತಾಂಶದ ಹಿಂದಿನ ದಿನ ಕಾಲ್ ಆಪ್ಷನ್ ಕೊಂಡಿದ್ದೆ. ಶೇರು 1,500 ರೂಪಾಯಿ, ಸ್ಟ್ರೈಕ್ ಕೂಡ ಅಷ್ಟೇ, ಎಕ್ಸ್‌ಪೈರಿಗೆ ಎಂಟು ದಿನ, ಪ್ರೀಮಿಯಂ 44. ಫಲಿತಾಂಶ ಚೆನ್ನಾಗೇ ಬಂತು, ಮರುದಿನ ಶೇರು 15 ರೂಪಾಯಿ ಏರಿತು. ನನ್ನ ಕಾಲ್ ಮಾತ್ರ 27ಕ್ಕೆ ಬಿದ್ದಿತ್ತು! ಆಪ್‌ನಲ್ಲೇ ಏನೋ ತೊಂದರೆ ಅಂತ ಎರಡು ಸಲ ಮುಚ್ಚಿ ತೆರೆದೆ.

ಶೇರು ಏರುತ್ತೆ ಅಂತ ಕೊಂಡಿದ್ದೆ. ಅದರ ಜೊತೆ ಏರಿಳಿತದ ಅಂದಾಜನ್ನೂ ದುಬಾರಿಗೆ ಕೊಂಡಿದ್ದು ಗೊತ್ತಿರಲಿಲ್ಲ. 1973ರ ಬ್ಲ್ಯಾಕ್-ಶೋಲ್ಸ್ ಸೂತ್ರಕ್ಕೆ ಬೇಕಾದ ಶೇರಿನ ಬೆಲೆ, ಸ್ಟ್ರೈಕ್, ಉಳಿದ ದಿನ, ಬಡ್ಡಿದರ ಎಲ್ಲರಿಗೂ ಕಾಣುತ್ತವೆ. ಮುಂದೆ ಶೇರು ಎಷ್ಟು ಅಲುಗಾಡುತ್ತೆ ಅನ್ನೋದು ಯಾರಿಗೂ ಗೊತ್ತಿರಲ್ಲ. ಹಾಗಾಗಿ ಪೇಟೆಯ ಪ್ರೀಮಿಯಂನಿಂದ ಹಿಂದಕ್ಕೆ ಲೆಕ್ಕ ಹಾಕಿ ಅದನ್ನು ತೆಗೆಯುತ್ತಾರೆ. ಇದೇ ಇಂಪ್ಲೈಡ್ ವೊಲಟಿಲಿಟಿ. ನನ್ನ 44 ರೂಪಾಯಿಯಲ್ಲಿ ವರ್ಷಕ್ಕೆ ಸುಮಾರು 50 ಪರ್ಸೆಂಟ್ ಏರಿಳಿತ ಅಡಗಿತ್ತು. ಫಲಿತಾಂಶದ ಗುಟ್ಟು ಬಯಲಾದ ಕೂಡಲೇ ಅದು 22ಕ್ಕೆ ಕುಸಿಯಿತು.

ಮೂಲ ಸೂತ್ರದ ಪ್ರಕಾರ ಈ ಏರಿಳಿತ ಬದಲಾಗುವುದೇ ಇಲ್ಲ. 1987ರ ಅಕ್ಟೋಬರ್ 19ರಂದು ಅಮೆರಿಕದ ಡೌ ಜೋನ್ಸ್ ಒಂದೇ ದಿನ 22.6 ಪರ್ಸೆಂಟ್ ಬಿದ್ದ ಮೇಲೆ ವ್ಯಾಪಾರಿಗಳು ಅದನ್ನು ನಂಬೋದು ಬಿಟ್ಟರು. ಇವತ್ತು ದೊಡ್ಡ ಸಂಸ್ಥೆಗಳ ಕಂಪ್ಯೂಟರುಗಳು ಸ್ಟ್ರೈಕಿಗೊಂದು, ಎಕ್ಸ್‌ಪೈರಿಗೊಂದು ವೊಲಟಿಲಿಟಿ ಇಟ್ಟುಕೊಂಡು ಕ್ಷಣಕ್ಷಣಕ್ಕೂ ಬೆಲೆ ತಿದ್ದುತ್ತವೆ. ಈ ಕಡೆ ನಾವು, ಬಸ್ಸಿನಲ್ಲಿ ನಿಂತು ಬೈ ಬಟನ್ ಒತ್ತುವವರು.

ಸೆಬಿಯ 2024ರ ಸೆಪ್ಟೆಂಬರ್ ಅಧ್ಯಯನದ ಪ್ರಕಾರ, ಅದಕ್ಕೂ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ ಆಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ 93 ಪರ್ಸೆಂಟ್ ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. 2023-24ರಲ್ಲಿ ವಿದೇಶಿ ಹೂಡಿಕೆ ಸಂಸ್ಥೆಗಳ ಲಾಭದ 97 ಪರ್ಸೆಂಟ್ ಬಂದದ್ದು ಅಲ್ಗಾರಿದಂ ವ್ಯವಹಾರದಿಂದ. ಎಲ್ಲ ನಷ್ಟವನ್ನೂ ವೊಲಟಿಲಿಟಿ ತಲೆಗೆ ಕಟ್ಟಲಾರೆ. ಆಸೆ, ಬ್ರೋಕರೇಜ್ ಎಲ್ಲ ಇವೆ.

ಅದೇ ನವೆಂಬರ್‌ನಲ್ಲಿ ಸೆಬಿ ಸೂಚ್ಯಂಕದ ಕಾಂಟ್ರ್ಯಾಕ್ಟ್ ಗಾತ್ರವನ್ನು ಕನಿಷ್ಠ 15 ಲಕ್ಷಕ್ಕೆ ಏರಿಸಿತು, ವೀಕ್ಲಿ ಎಕ್ಸ್‌ಪೈರಿಗೂ ಕಡಿವಾಣ ಹಾಕಿತು. ಒಳ್ಳೇದೇ. ಆದರೆ ಒಳಗೆ ಬಂದವನಿಗೆ ತಾನು ಏನು ಕೊಳ್ತಿದ್ದೀನಿ ಅಂತ ಗೊತ್ತಾಗಬೇಡವೇ? ಹತ್ತರಲ್ಲಿ ಒಂಬತ್ತು ಮಂದಿ ಕಳೆದುಕೊಳ್ತಾರೆ ಎಂಬ ಎಚ್ಚರಿಕೆಗೆ, ಸಿಗರೇಟ್ ಪ್ಯಾಕಿನ ಚಿತ್ರಕ್ಕೆ ಒಗ್ಗಿದ ಹಾಗೆ ಒಗ್ಗಿಬಿಟ್ಟಿದ್ದೇವೆ. ಇಂಪ್ಲೈಡ್ ವೊಲಟಿಲಿಟಿ ಆಪ್ಷನ್ ಚೈನ್‌ನಲ್ಲಿ ಹುಡುಕಿದರೆ ಸಿಗುತ್ತೆ ನಿಜ. ನನ್ನ ಬೇಡಿಕೆ, ಅದು ಬೈ ಬಟನ್ ಪಕ್ಕದಲ್ಲೇ ಇರಲಿ, ಜೊತೆಗೆ ಕಳೆದ ತಿಂಗಳು ಶೇರು ನಿಜಕ್ಕೂ ಕಂಡ ಏರಿಳಿತವೂ ಇರಲಿ. ಅವತ್ತು ಎರಡೂ ಪಕ್ಕಪಕ್ಕ ಕಂಡಿದ್ದರೂ ನಾನು ಕೊಳ್ತಿದ್ದೆನೋ ಏನೋ. ಮರುದಿನ ಆಪ್ ಮುಚ್ಚಿ ತೆರೆಯುತ್ತಾ ಕೂರುತ್ತಿರಲಿಲ್ಲ.